ಎರಡು ನದಿಗಳ ನಡುವಿನ ಕ್ಷೇತ್ರ: ಇಂದಾಪುರದ ಶಾಸಕ ದತ್ತಾತ್ರೇಯ ಭರಣೆ ಮತ್ತು ಭೀಮೆಯ ನೀರು

ಮಹಾರಾಷ್ಟ್ರದ ರಾಜಕಾರಣವನ್ನು ಪಕ್ಷಗಳ ಒಡಕು, ಕೂಡಿಕೆಗಳ ಕಥೆಯಾಗಿ ಓದುವುದು ನಮಗೆ ರೂಢಿಯಾಗಿದೆ. ಪುಣೆ ಜಿಲ್ಲೆಯ ಆಗ್ನೇಯ ತುದಿಯಲ್ಲಿರುವ ಇಂದಾಪುರ ಕ್ಷೇತ್ರಕ್ಕೆ ಬಂದರೆ ಆ ಓದು ಸಾಲುವುದಿಲ್ಲ. ಇಲ್ಲಿನ ನಾಯಕರು ಮೂರು ದಶಕಗಳಲ್ಲಿ ಚಿಹ್ನೆ, ಬಾವುಟಗಳನ್ನು ಹಲವು ಬಾರಿ ಬದಲಿಸಿದ್ದಾರೆ. ಅವರು ಸರ್ಕಾರದ ಮುಂದಿಟ್ಟ ಬೇಡಿಕೆ ಮಾತ್ರ ಬದಲಾಗಿಲ್ಲ. ಅದು ನೀರಿನ ಬೇಡಿಕೆ. 2014ರಿಂದ ಈ ಕ್ಷೇತ್ರವನ್ನು ಸತತವಾಗಿ ಗೆಲ್ಲುತ್ತ ಬಂದ ದತ್ತಾತ್ರೇಯ ವಿಠೋಬಾ ಭರಣೆಯವರ ರಾಜಕೀಯ ಜೀವನವನ್ನು ಆ ಬೇಡಿಕೆಯ ಇತಿಹಾಸದೊಳಗಿಟ್ಟು ನೋಡುವುದು ಈ ಲೇಖನದ ಉದ್ದೇಶ. ಭೀಮಾ ತೀರದ ಕನ್ನಡಿಗರಿಗೆ ಇದು ದೂರದ ಊರಿನ ಸಂಗತಿಯಲ್ಲ. ಇಂದಾಪುರದಲ್ಲಿ ಎತ್ತಿದ ನೀರು ಇಂಡಿಗೂ ಅಫಜಲಪುರಕ್ಕೂ ಬರುವ ನೀರಿನ ಲೆಕ್ಕದೊಳಗೇ ಇದೆ.

ಮೊದಲು ನೆಲದ ಮಾತು. ತಾಲ್ಲೂಕಿನ ಉತ್ತರ ಮತ್ತು ಪೂರ್ವಕ್ಕೆ ಭೀಮೆ, ದಕ್ಷಿಣಕ್ಕೆ ನೀರಾ. ಎರಡೂ ನರಸಿಂಹ ಕ್ಷೇತ್ರವಾದ ನೀರಾ ನರಸಿಂಗಪುರದಲ್ಲಿ ಕೂಡುತ್ತವೆ. ನಕ್ಷೆ ನೋಡಿದವರಿಗೆ ಇದು ಸಮೃದ್ಧ ದೋಆಬ್‌ನಂತೆ ಕಾಣುತ್ತದೆ. ಆದರೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಈ ನಾಡಿಗೆ ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ ಬಂದರೆ ಹೆಚ್ಚು. ನದಿಗಳು ಅಂಚಿನಲ್ಲಿ ಹರಿಯುತ್ತವೆ, ನಡುವಿನ ದಿಬ್ಬದ ಹಳ್ಳಿಗಳು ಒಣಗುತ್ತವೆ.

ಬ್ರಿಟಿಷ್ ಕಂದಾಯ ಇತಿಹಾಸದಲ್ಲಿ ಇಂದಾಪುರಕ್ಕೆ ಮಹತ್ವದ ಸ್ಥಾನ ಸಿಕ್ಕಿದ್ದೂ ಈ ಬರಡುತನದಿಂದಲೇ. ಪ್ರಿಂಗಲ್ ಎಂಬ ಅಧಿಕಾರಿ 1830ರ ಹೊತ್ತಿಗೆ ಹಾಕಿದ ಭೂಕಂದಾಯ ಇಲ್ಲಿನ ಹೊಲಗಳಿಗೆ ತಾಳಲಾರದ ಹೊರೆಯಾಯಿತು. ಬಾಕಿ ಬೆಳೆಯಿತು, ರೈತರು ಊರು ಬಿಟ್ಟರು. ಆ ವೈಫಲ್ಯವನ್ನು ಸರಿಪಡಿಸಲು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1836ರಲ್ಲಿ ಹೊಸ ಸರ್ವೆ ಜಾರಿಗೆ ತಂದರು. ಮಣ್ಣಿನ ಗುಣ ನೋಡಿ ಹೊಲವನ್ನು ವರ್ಗೀಕರಿಸಿ, ದರವನ್ನು 30 ವರ್ಷಕ್ಕೆ ನಿಗದಿ ಮಾಡುವ ಕ್ರಮ ಅದು. ಬೊಂಬಾಯಿ ಸರ್ವೆ ಪದ್ಧತಿ ಎಂದು ಹೆಸರಾದ ಈ ಕ್ರಮ ಮುಂದೆ ಧಾರವಾಡ, ಬೆಳಗಾವಿಗಳಿಗೂ ಬಂತು. ದಕ್ಷಿಣ ಮರಾಠಾ ಸೀಮೆಯ ಸರ್ವೆಯ ಮೇಲ್ವಿಚಾರಣೆ ನಡೆಸಿದವರು ಅದೇ ವಿಂಗೇಟ್. ಮುಂಬಯಿ ಕರ್ನಾಟಕದ ರೈತ ತಲೆಮಾರುಗಳ ಕಾಲ ಕಟ್ಟಿದ ಕಂದಾಯದ ವಿಧಾನ ಇಂದಾಪುರದ ಒಣಭೂಮಿಯಲ್ಲಿ ರೂಪುಗೊಂಡಿತ್ತು ಎಂಬುದನ್ನು ನಮ್ಮ ಪ್ರಾದೇಶಿಕ ಇತಿಹಾಸಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

1876–78ರ ಭೀಕರ ಬರದ ನಂತರ ನೀರಾ ಎಡದಂಡೆ ಕಾಲುವೆ ಬಂತು. 1885ರಲ್ಲಿ ನೀರು ಹರಿಯಿತು. ಪುರಂದರ, ಬಾರಾಮತಿ ದಾಟಿ ಬರುವ ಆ ಕಾಲುವೆಗೆ ಇಂದಾಪುರವೇ ಕೊನೆಯ ಭಾಗ. ಮುಂದೆ ಬಂದ ಖಡಕವಾಸಲಾ ಕಾಲುವೆಗೂ ಅಷ್ಟೆ: ಪುಣೆ ನಗರ ಕುಡಿದು, ಹವೇಲಿ, ದೌಂಡ್‌ಗಳು ಹಾಯಿಸಿಕೊಂಡು ಉಳಿದದ್ದು ಇಲ್ಲಿಗೆ. ತುಂಗಭದ್ರಾ ಎಡದಂಡೆಯ ಕೊನೆ ಭಾಗದ ರೈತರ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ತಲುಪಿದ ಕಡೆ ಕಬ್ಬು ಬಂತು. 1930ರ ದಶಕದಲ್ಲಿ ವಾಲಚಂದ ಹಿರಾಚಂದರು ವಾಲಚಂದನಗರ ಕಟ್ಟಿದರು. ಸ್ವಾತಂತ್ರ್ಯದ ಬಳಿಕ ಭವಾನಿನಗರದ ಛತ್ರಪತಿ, ಆಮೇಲೆ ಕರ್ಮಯೋಗಿ ಶಂಕರರಾವ್ ಪಾಟೀಲ, ನೀರಾ ಭೀಮಾ ಎಂಬ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದವು.

1980ರಲ್ಲಿ ಮುಗಿದ ಉಜನಿ ಅಣೆಕಟ್ಟು ಚಿತ್ರವನ್ನು ಇನ್ನಷ್ಟು ಕಠಿಣಗೊಳಿಸಿತು. ಕಟ್ಟೆ ಇರುವುದು ಸೋಲಾಪುರ ಜಿಲ್ಲೆಯ ಮಾಢಾ ತಾಲ್ಲೂಕಿನಲ್ಲಿ, ಹಿನ್ನೀರು ಇಂದಾಪುರದ ಹಳ್ಳಿಗಳ ಮೇಲೆ. ಪಳಸದೇವದ ಹಳೆಯ ಗುಡಿ ಬೇಸಿಗೆಯಲ್ಲಿ ನೀರಿಳಿದಾಗ ಮಾತ್ರ ಪೂರ್ತಿ ಕಾಣುತ್ತದೆ. ಭಿಗವಣದ ಹಿನ್ನೀರಿಗೆ ಬರುವ ರಾಜಹಂಸಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಮನೆ, ಹೊಲ ಮುಳುಗಿಸಿಕೊಂಡವರು ಇಂದಾಪುರದವರು, ಕಾಲುವೆಯ ನೀರಿನ ದೊಡ್ಡ ಪಾಲು ಪಡೆದವರು ಸೋಲಾಪುರದವರು. ಮುಂದಿನ ಎಲ್ಲ ಜಗಳದ ಬೇರು ಈ ಅಸಮಾನತೆಯಲ್ಲಿದೆ.

ಇಂಥ ಕ್ಷೇತ್ರದಲ್ಲಿ ಶಾಸಕನಾಗುವವನಿಗೆ ಸಹಕಾರ ಸಂಘವೇ ಮೊದಲ ಪಾಠಶಾಲೆ. ಸ್ವಾತಂತ್ರ್ಯ ಚಳವಳಿಯಿಂದ ಬಂದ ಕಾಂಗ್ರೆಸ್ಸಿಗ ಶಂಕರರಾವ್ ಬಾಜಿರಾವ್ ಪಾಟೀಲರು ದೀರ್ಘಕಾಲ ಇಂದಾಪುರವನ್ನು ಪ್ರತಿನಿಧಿಸಿ, ರಾಜ್ಯದಲ್ಲಿ ಸಚಿವರಾಗಿ, 1980 ಮತ್ತು 1989ರಲ್ಲಿ ಬಾರಾಮತಿಯ ಲೋಕಸಭಾ ಸದಸ್ಯರಾದರು. ಅವರ ಸೋದರನ ಮಗ ಹರ್ಷವರ್ಧನ ಪಾಟೀಲರು 1995ರಲ್ಲಿ ಪಕ್ಷೇತರರಾಗಿ ಗೆದ್ದು ಶಿವಸೇನಾ–ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದರು, ಬಳಿಕ ಕಾಂಗ್ರೆಸ್ ಸೇರಿ 2014ರವರೆಗೆ ಸಹಕಾರ ಖಾತೆಯನ್ನು ನಿರ್ವಹಿಸಿದರು.

ಭರಣೆಯವರದು ಬೇರೆ ಹಿನ್ನೆಲೆ. ಭರಣೆವಾಡಿಯ ಧನಗರ ಕುಟುಂಬದಿಂದ ಬಂದು, ಛತ್ರಪತಿ ಸಕ್ಕರೆ ಕಾರ್ಖಾನೆ ಮತ್ತು ಪುಣೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಆಡಳಿತದಲ್ಲಿ ಪಳಗಿ, 2012ರಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಾದರು. ಜನ ಅವರನ್ನು ಕರೆಯುವುದು ‘ಮಾಮಾ’ ಎಂದು. 2009ರಲ್ಲಿ ಪಕ್ಷೇತರರಾಗಿ ನಿಂತು ಪಾಟೀಲರೆದುರು ಸೋತರು. 2014ರಲ್ಲಿ ಎನ್‌ಸಿಪಿಯಿಂದ ನಿಂತು ಸುಮಾರು 14 ಸಾವಿರ ಮತಗಳಿಂದ ಗೆದ್ದರು. 2019ರಲ್ಲಿ ಅಂತರ ಮೂರು ಸಾವಿರದ ಆಸುಪಾಸಿಗೆ ಕುಸಿಯಿತು. 2024ರಲ್ಲಿ ಮತ್ತೆ 19 ಸಾವಿರಕ್ಕೇರಿತು.

ಈ ಮೂರೂ ಚುನಾವಣೆಗಳಲ್ಲಿ ಎದುರಾಳಿ ಹರ್ಷವರ್ಧನ ಪಾಟೀಲರೇ, ಆದರೆ ಪ್ರತಿ ಸಲವೂ ಬೇರೆ ಪಕ್ಷದಿಂದ: ಕಾಂಗ್ರೆಸ್, ಬಿಜೆಪಿ, ಕೊನೆಗೆ ಶರದ್ ಪವಾರ್ ಬಣದ ಎನ್‌ಸಿಪಿ. ಇದನ್ನು ಕೇವಲ ಅವಕಾಶವಾದವೆಂದು ತಳ್ಳಿಹಾಕುವುದು ಸರಿಯಲ್ಲ. ಹಾಲಿ ಶಾಸಕನ ಪಕ್ಷಕ್ಕೇ ಸೀಟು ಎಂಬುದು ಮೈತ್ರಿಕೂಟಗಳ ರೂಢಿ. 2019ರಲ್ಲಿ ಕಾಂಗ್ರೆಸ್–ಎನ್‌ಸಿಪಿ ಮೈತ್ರಿಯಲ್ಲಿ ಸೀಟು ಭರಣೆಯವರ ಪಾಲಾದಾಗ ಪಾಟೀಲರು ಬಿಜೆಪಿಗೆ ಹೋದರು. 2023ರಲ್ಲಿ ಎನ್‌ಸಿಪಿ ಒಡೆದು, ಅಜಿತ್ ಪವಾರರೊಂದಿಗೆ ಭರಣೆಯವರೇ ಬಿಜೆಪಿಯ ಮಿತ್ರರಾದ ಮೇಲೆ, 2024ರ ಅಕ್ಟೋಬರಿನಲ್ಲಿ ಪಾಟೀಲರು ಅಲ್ಲಿಂದಲೂ ಹೊರಡಬೇಕಾಯಿತು. ಒಂದೇ ಸೀಟಿಗೆ ಎರಡು ಸಹಕಾರಿ ನೆಲೆಗಳು ಸೆಣಸುವಾಗ ಪಕ್ಷ ಬರಿಯ ವಾಹನವಾಗುತ್ತದೆ. ಚಿಕ್ಕೋಡಿ, ಅಥಣಿಗಳ ಸಕ್ಕರೆ ರಾಜಕಾರಣ ಕಂಡವರಿಗೆ ಇದು ಹೊಸದಲ್ಲ.

ಭರಣೆಯವರ ಆದ್ಯತೆಗಳನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಪ್ರಕರಣ 2021ರದು. 2019ರ ಡಿಸೆಂಬರಿನಲ್ಲಿ ಉದ್ಧವ್ ಠಾಕ್ರೆ ಸಂಪುಟದಲ್ಲಿ ರಾಜ್ಯ ಸಚಿವರಾದ ಅವರಿಗೆ ಲೋಕೋಪಯೋಗಿ, ಮಣ್ಣು ಮತ್ತು ಜಲ ಸಂರಕ್ಷಣೆ, ಅರಣ್ಯ, ಪಶುಸಂಗೋಪನೆ ಖಾತೆಗಳು ಸಿಕ್ಕಿದ್ದವು. 2020ರಲ್ಲಿ ಸೋಲಾಪುರ ಜಿಲ್ಲೆಯ ಉಸ್ತುವಾರಿಯೂ ಬಂತು. 2021ರ ಏಪ್ರಿಲ್ 22ರಂದು ಜಲಸಂಪನ್ಮೂಲ ಇಲಾಖೆ ಉಜನಿ ಹಿನ್ನೀರಿನಿಂದ 5 ಟಿಎಂಸಿ ನೀರನ್ನು ಇಂದಾಪುರಕ್ಕೆ ಎತ್ತುವ ಯೋಜನೆಯ ಸರ್ವೆಗೆ ಒಪ್ಪಿಗೆ ಕೊಟ್ಟಿತು. ಉದ್ದೇಶ, ಕಾಲುವೆ ನೀರು ಸರಿಯಾಗಿ ಮುಟ್ಟದ 22 ಹಳ್ಳಿಗಳಿಗೆ ಆಸರೆ. ಸಮರ್ಥನೆ ಹೀಗಿತ್ತು: ಪುಣೆ, ಪಿಂಪ್ರಿ–ಚಿಂಚವಡಗಳ ಬಳಕೆಯ ಕೊಳೆನೀರು ಮುಳಾ–ಮುಠಾ ಮೂಲಕ ಭೀಮೆಗೆ, ಅಲ್ಲಿಂದ ಉಜನಿಗೆ ಬರುತ್ತದೆ, ಅದು ಅಣೆಕಟ್ಟಿನ ಮೂಲ ಹಂಚಿಕೆಯ ಲೆಕ್ಕದಲ್ಲಿಲ್ಲ, ಅಷ್ಟನ್ನು ಎತ್ತಿದರೆ ಸೋಲಾಪುರದ ಪಾಲಿಗೆ ಕುಂದಿಲ್ಲ.

ಸೋಲಾಪುರದ ರೈತರು ಇದನ್ನು ಒಪ್ಪಲಿಲ್ಲ. ಉಜನಿಯ ಒಟ್ಟು ಸಂಗ್ರಹ ಸುಮಾರು 117 ಟಿಎಂಸಿ. ಅದರಲ್ಲಿ 63ಕ್ಕೂ ಹೆಚ್ಚು ಟಿಎಂಸಿ ಕಾಲುವೆಗೆ ಹರಿಯದ ತಳದ ನೀರು. ಬಳಕೆಗೆ ಸಿಗುವ 53 ಟಿಎಂಸಿ ಚಿಲ್ಲರೆಯೂ ಹಂಚಿಕೆಯಾಗಿದೆ, ಹಂಚಲು ಹೆಚ್ಚುವರಿ ಎಂಬುದೇ ಇಲ್ಲ ಎಂಬುದು ಅವರ ವಾದ. ಜಿಲ್ಲೆಯನ್ನು ಕಾಯಬೇಕಾದ ಉಸ್ತುವಾರಿ ಸಚಿವರೇ ಅದರ ನೀರನ್ನು ತಮ್ಮ ತಾಲ್ಲೂಕಿಗೆ ಒಯ್ಯುತ್ತಿದ್ದಾರೆ ಎಂಬ ಆರೋಪ ಪ್ರತಿಭಟನೆಯಾಗಿ ಬೀದಿಗೆ ಬಂತು. ಒಂದೇ ತಿಂಗಳಲ್ಲಿ, ಮೇ ಮುಗಿಯುವುದರೊಳಗೆ, ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಆದೇಶ ಹಿಂಪಡೆಯಬೇಕಾಯಿತು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಎರಡೂ ಕಡೆಯ ನೋವು ನಿಜ. ಭೂಮಿ ಮುಳುಗಿಸಿಕೊಂಡ ತಾಲ್ಲೂಕು ತನ್ನ ಕಣ್ಣೆದುರಿನ ನೀರನ್ನು ಕೇಳುವುದು ಅನ್ಯಾಯವಲ್ಲ. ಆದರೆ ‘ಕೊಳೆನೀರು ಹೆಚ್ಚುವರಿ ನೀರು’ ಎಂಬ ಲೆಕ್ಕ ದುರ್ಬಲ. ನಗರ ಬಳಸಿ ಬಿಟ್ಟ ನೀರೂ ಅದೇ ಕಣಿವೆಯ ಮೇಲಿನ ಅಣೆಕಟ್ಟುಗಳಿಂದ ತೆಗೆದದ್ದು, ಕೆಳಗಿನವರಿಗೆ ಅದೇ ಹರಿವು. ಶಾಸಕನ ಹೊಣೆಯೂ ಉಸ್ತುವಾರಿ ಸಚಿವನ ಹೊಣೆಯೂ ಒಬ್ಬರಲ್ಲೇ ಕೂಡಿದಾಗ ನೀರಿನ ವಿಚಾರದಲ್ಲಿ ಯಾವುದಾದರೊಂದು ಸೋಲಲೇಬೇಕು. ಇಲ್ಲಿ ಗೆಲ್ಲಲು ಹೊರಟದ್ದು ಕ್ಷೇತ್ರ. ಬೇಡಿಕೆ ಅಲ್ಲಿಗೆ ನಿಲ್ಲಲೂ ಇಲ್ಲ. ಒಂದು ವರ್ಷದೊಳಗೆ, 2022ರ ಮೇನಲ್ಲಿ, ಉಜನಿಯಿಂದಲೇ ನೀರೆತ್ತುವ ಲಾಕಡಿ–ನಿಂಬೋಡಿ ಏತ ನೀರಾವರಿಗೆ ಆಡಳಿತಾತ್ಮಕ ಮಂಜೂರಾತಿ ದೊರೆಯಿತು. ಇಂದಾಪುರ, ಬಾರಾಮತಿಗಳ ಒಣ ಹಳ್ಳಿಗಳಿಗಾಗಿ ಇದ್ದ ಈ ಯೋಜನೆಯನ್ನೂ ಸೋಲಾಪುರ ವಿರೋಧಿಸಿತು.

ಈ ಜಗಳದ ದಾಖಲೆಗಳಲ್ಲಿ ಮೂರನೆಯ ಪಾಲುದಾರನಾದ ಕರ್ನಾಟಕದ ಹೆಸರು ಅಪರೂಪ. ಬಚಾವತ್ ನ್ಯಾಯಮಂಡಳಿ ಭೀಮಾ ಮುಖ್ಯನದಿಯಿಂದ ಮಹಾರಾಷ್ಟ್ರ 1990ರ ನಂತರ ವರ್ಷಕ್ಕೆ 95 ಟಿಎಂಸಿಗಿಂತ ಹೆಚ್ಚು ಬಳಸಬಾರದೆಂದೂ, ಕರ್ನಾಟಕ 15 ಟಿಎಂಸಿ ಮೀರಬಾರದೆಂದೂ ಮಿತಿ ಹಾಕಿತು. ಸೊನ್ನ ಬ್ಯಾರೇಜಿನ ಮೇಲೆ ನಂಬಿಕೆಯಿಟ್ಟ ಅಫಜಲಪುರದ ರೈತನಿಗೆ ಮೇಲಿನ ತಾಲ್ಲೂಕುಗಳ ಪ್ರತಿ ಏತ ಯೋಜನೆಯೂ ಸಂಬಂಧಪಟ್ಟ ಸಂಗತಿ. 2025ರ ಬೇಸಿಗೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉಜನಿಯಿಂದ ಭೀಮೆಗೆ 1 ಟಿಎಂಸಿ ಬಿಡುವಂತೆ ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ಇಂದಾಪುರ–ಸೋಲಾಪುರ ವಾದದಲ್ಲಿ 5 ಟಿಎಂಸಿಯ ಮಾತು ಬಂದಾಗ ನಮ್ಮ ಕಡೆಯ ಶಾಸಕರು, ಪತ್ರಿಕೆಗಳು ಅದನ್ನು ನೆರೆರಾಜ್ಯದ ಒಳಜಗಳವೆಂದು ನೋಡಿ ಬಿಡುವುದು ದುಬಾರಿ ಉದಾಸೀನ.

ಭರಣೆಯವರ ಸಮುದಾಯವಾದ ಧನಗರರಿಗೆ ಪರಿಶಿಷ್ಟ ಪಂಗಡದ ಮೀಸಲಾತಿ ಕೊಡಬೇಕೆಂಬ ಬೇಡಿಕೆಯೂ ಈ ಭಾಗದ ರಾಜಕಾರಣದ ಹಿನ್ನೆಲೆಯಲ್ಲಿದೆ. 2014ರಲ್ಲಿ ಪಕ್ಕದ ಬಾರಾಮತಿಯೇ ಆ ಚಳವಳಿಯ ಕೇಂದ್ರವಾಗಿತ್ತು. ಕರ್ನಾಟಕದ ಕುರುಬರ ಇದೇ ಬೇಡಿಕೆಯೊಂದಿಗೆ ಅದನ್ನು ಹೋಲಿಸಿ ಬರೆಯುವ ಕೆಲಸ ಬೇರೆಯೇ ಅಧ್ಯಯನ ಕೇಳುತ್ತದೆ.

2024ರ ಡಿಸೆಂಬರಿನಲ್ಲಿ ಭರಣೆ ಸಂಪುಟ ದರ್ಜೆಗೇರಿದಾಗ ಸಿಕ್ಕಿದ್ದು ಕ್ರೀಡೆ, ಯುವಜನ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಖಾತೆಗಳು. ಕ್ಷೇತ್ರದ ಮೂಲ ಪ್ರಶ್ನೆಗೆ ಅವು ದೂರ. 2025ರ ಜುಲೈ ಕೊನೆಯಲ್ಲಿ ಮಾಣಿಕರಾವ್ ಕೋಕಾಟೆಯವರೊಂದಿಗೆ ಖಾತೆ ಅದಲುಬದಲಾಗಿ ಕೃಷಿ ಇಲಾಖೆ ಕೈಗೆ ಬಂತು. ಎರಡು ತಿಂಗಳೊಳಗೆ ಬಂದದ್ದು ಬರವಲ್ಲ, ನೆರೆ. ಸೆಪ್ಟೆಂಬರಿನ ಮಳೆಗೆ ಮರಾಠವಾಡಾ ಮತ್ತು ಸೋಲಾಪುರದ ಹೊಲಗಳು ಕೊಚ್ಚಿಹೋದವು. ಅಕ್ಟೋಬರಿನಲ್ಲಿ ಸರ್ಕಾರ 31,628 ಕೋಟಿ ರೂಪಾಯಿಗಳ ಪರಿಹಾರ ಘೋಷಿಸಿತು. ಮಣ್ಣೇ ಕೊಚ್ಚಿಹೋದ ಭೂಮಿಗೂ ಅದರಲ್ಲಿ ನೆರವಿತ್ತು. ಅದೇ ದಿನಗಳಲ್ಲಿ ಸೀನಾ, ಭೀಮೆಗಳ ಪ್ರವಾಹ ಗಡಿ ದಾಟಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ತೊಗರಿ, ಹತ್ತಿ ಹೊಲಗಳನ್ನೂ ಮುಳುಗಿಸಿತು. ಆ ನಷ್ಟದ ಸಮೀಕ್ಷೆ ಎರಡು ರಾಜ್ಯಗಳಲ್ಲಿ ಬೇರೆ ಬೇರೆಯಾಗಿಯೇ ನಡೆಯಿತು.