ಒಳಗೆ ನೋಡುವ ಹಕ್ಕು ಯಾರದು? ರಾಯದುರ್ಗ–ಮಡಕಶಿರಾ ಗಡಿಯಿಂದ ವೃದ್ಧಾಶ್ರಮದ ಆರೈಕೆಯ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ತಿದ್ದುವಾಗ ಮಾತಿನ ಧಾಟಿಯನ್ನು ಕೆಲವೆಡೆ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಚರಿತ್ರೆಯ ಗೋಷ್ಠಿಯಲ್ಲಿ ಇವರೇನಪ್ಪಾ ವೃದ್ಧಾಶ್ರಮದ ವಿಷಯ ತಂದಿದ್ದಾರೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಾನು ಕೇಳುತ್ತಿರುವುದು ಚರಿತ್ರೆಯ ಪ್ರಶ್ನೆಯನ್ನೇ. ಅಶಕ್ತರನ್ನು ಇಟ್ಟುಕೊಂಡು ನೋಡಿಕೊಳ್ಳುವ ಸಂಸ್ಥೆಯೊಳಗೆ ಏನು ನಡೀತಾ ಇದೆ ಅಂತ ನೋಡುವ, ಕೇಳುವ, ಉತ್ತರ ಪಡೆಯುವ ಅಧಿಕಾರ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು? ನಾನು ನಿಂತು ನೋಡುತ್ತಿರುವ ಜಾಗ ಆಂಧ್ರದ ಗಡಿಯ ಎರಡು ಕನ್ನಡ ಸೀಮೆಗಳು, ರಾಯದುರ್ಗ ಮತ್ತು ಮಡಕಶಿರಾ.

1. ‘ಉರಿ’ ಎಂಬ ಒಂದು ಪದ

ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ನಮ್ಮ ದೊಡ್ಡಮ್ಮ ಮಡಕಶಿರಾ ಸೀಮೆಯ ಅಮರಾಪುರದ ಕಡೆಯವರು. ಸಂತೆಗೆ, ಬಸ್ಸಿಗೆ, ಆಫೀಸಿಗೆ ಬೇಕಾಗುವಷ್ಟು ತೆಲುಗು ಅವರಿಗೆ ಬರುತ್ತಿತ್ತು. ಮರೆವಿನ ಕಾಯಿಲೆ ಹೆಚ್ಚಾದಂತೆ ಮೊದಲು ಹೋದದ್ದು ಆ ತೆಲುಗು. ಉಳಿದದ್ದು ಹುಟ್ಟಿದ ಮನೆಯ ಕನ್ನಡ. ಅಣ್ಣನ ಕೆಲಸ ಇದ್ದದ್ದು ಗಡಿಯಿಂದ ಬಹಳ ದೂರದ ಒಂದು ತೆಲುಗು ಪಟ್ಟಣದಲ್ಲಿ. ಹಾಗಾಗಿ ಅಲ್ಲಿಯೇ ಒಂದು ಖಾಸಗಿ ವೃದ್ಧಾಶ್ರಮಕ್ಕೆ ಸೇರಿಸಿದೆವು.

ಒಮ್ಮೆ ಹೋದಾಗ ಅವರ ಮಂಚ ಜೊತೆಗಾತಿಯರ ಕೋಣೆಯಲ್ಲಿ ಇರಲಿಲ್ಲ. ಆಫೀಸಿನ ಪಕ್ಕಕ್ಕೆ ತಂದಿದ್ದರು. ಸೀರೆ ಬಿಡಿಸಿ ನೈಟಿ ಹಾಕಿದ್ದರು. ಹಗ್ಗ, ದಾರ, ದುಪ್ಪಟಿ ಯಾವುದೂ ಹತ್ತಿರ ಇರಲಿಲ್ಲ. ಕೇಳಿದರೆ ತೆಲುಗಿನ ದಿನಚರಿ ಪುಸ್ತಕ ತೋರಿಸಿದರು. ನೇಣಿನ ಮಾತು ಆಡುತ್ತಾರೆ, ನಿಗಾ ಇಡಬೇಕು ಅಂತ ಅದರಲ್ಲಿ ಬರೆದಿತ್ತು. ಹನ್ನೊಂದು ದಿನ ಅದೇ ಬರಹ. ದೊಡ್ಡಮ್ಮ ಹೇಳುತ್ತಿದ್ದದ್ದು ಒಂದೇ ಮಾತು, “ಉರಿ, ಉರಿ.” ತೆಲುಗಿನಲ್ಲಿ ಉರಿ ಅಂದರೆ ನೇಣು. ನಮ್ಮಲ್ಲಿ ಉರಿ ಅಂದರೆ ಏನು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅವರಿಗೆ ಆಗಿದ್ದದ್ದು ಮೂತ್ರದ ಸೋಂಕು.

ಇದರಲ್ಲಿ ತಪ್ಪು ಯಾರದು ಅಂತ ಬೇಗ ಹೇಳಲಾಗದು. ಆಯಾ ಕೇಳಿಸಿದ್ದನ್ನೇ ಬರೆಸಿದ್ದಳು, ತನಗೆ ತೋಚಿದಂತೆ ಜೀವ ಕಾಯಲು ನೋಡಿದ್ದಳು. ಅವಳ ಕಾಳಜಿಯಲ್ಲಿ ಕೊರತೆ ಇರಲಿಲ್ಲ. ಇರದೇ ಇದ್ದದ್ದು ‘ಇವರು ಹೀಗಂತಾರೆ, ಹಾಗಂದ್ರೇನು?’ ಅಂತ ಮನೆಯವರನ್ನು ಕೇಳುವ ಒಂದು ಏರ್ಪಾಡು.

ಆ ದಿನ ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಇದನ್ನು ಹೇಳಿಕೊಂಡಾಗ, ರಾಯದುರ್ಗದ ಕಡೆಯ ಒಬ್ಬರು ತಮ್ಮ ತಂದೆಯ ಕಥೆ ಹೇಳಿದರು. ಜೋಳದ ರೊಟ್ಟಿ ಉಂಡು ಬೆಳೆದ ಮುದುಕರಿಗೆ ಮೂರು ಹೊತ್ತೂ ಅನ್ನ. ಪುಸ್ತಕದಲ್ಲಿ ಮಾತ್ರ ‘ಊಟಕ್ಕೆ ಹಟ’. ಹೀಗೆ ನಾಲ್ಕೈದು ಮನೆಯವರು ಸೇರಿದೆವು. ನೋವು, ಉರಿ, ಸಂಡಾಸು, ಚಳಿ, ಭಯ, ಹಸಿವು ಇಂಥ ಇಪ್ಪತ್ತು ಮಾತುಗಳನ್ನು ಎರಡೂ ಭಾಷೆಯಲ್ಲಿ ಬರೆದ ಒಂದು ಹಾಳೆ ಮಾಡಿ ಗೋಡೆಗೆ ಅಂಟಿಸಲು ಕೇಳಿದೆವು. ಮೊದಲು “ಒಬ್ಬೊಬ್ಬರೇ ಬಂದು ಮಾತಾಡಿ, ಗುಂಪು ಕಟ್ಟಬೇಡಿ” ಅಂದರು. ಎರಡು ತಿಂಗಳ ಮೇಲೆ ಹಾಳೆ ಗೋಡೆಗೆ ಬಂತು, ವಾರಕ್ಕೆರಡು ದಿನ ರೊಟ್ಟಿಯೂ ಬಂತು. ರಾತ್ರಿ ಪಾಳಿಗೆ ಇನ್ನೊಬ್ಬ ಆಯಾ ಬೇಕು ಅನ್ನೋ ಬೇಡಿಕೆಗೆ ಮಾತ್ರ ಕೊನೆಗೂ ಉತ್ತರ ಬರಲಿಲ್ಲ. ‘ಗುಂಪು ಕಟ್ಟಬೇಡಿ’ ಅನ್ನುವ ಮಾತು ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಹೋದದ್ದೇ ಈ ಪ್ರಬಂಧ.

2. ಶಾಸನದ ಸಾಕ್ಷಿಗಳು

ಅಮರಾಪುರದ ಪಕ್ಕದಲ್ಲೇ ಹೇಮಾವತಿ ಇದೆ. ಅದು ನೊಳಂಬರ ರಾಜಧಾನಿ ಹೆಂಜೇರು. ಆ ಸೀಮೆಯ ಕನ್ನಡ ಶಾಸನಗಳನ್ನು ಓದಿದವರಿಗೆ ದಾನಶಾಸನದ ಕಟ್ಟು ಗೊತ್ತು: ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾರು ಸಾಕ್ಷಿ, ಕೆಡಿಸಿದವನಿಗೆ ಯಾವ ಪಾಪ. ನಾವು ಸಾಮಾನ್ಯವಾಗಿ ಮೊದಲೆರಡನ್ನು ಓದಿ ರಾಜಕೀಯ ಚರಿತ್ರೆ ಬರೀತೇವೆ. ಕೊನೆಯ ಎರಡರಲ್ಲಿ ಇನ್ನೊಂದು ಚರಿತ್ರೆ ಇದೆ. ಕೊಟ್ಟವನು ಸತ್ತ ಮೇಲೂ ದತ್ತಿ ನಡೆಯಬೇಕಾದರೆ ಊರಿನವರು ಕಣ್ಣಿಟ್ಟಿರಬೇಕು ಅನ್ನುವ ಅರಿವು ಅದು.

ಆರೈಕೆಯ ಮಟ್ಟಿಗೆ ಹೆಚ್ಚು ಸ್ಪಷ್ಟವಾದ ಸಾಕ್ಷ್ಯ ಬಳ್ಳಿಗಾವೆಯದು. ಅಲ್ಲಿನ ಕೋಡಿಮಠದ 1162ರ ಶಾಸನ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ ಎಂದು ಆ ಮಠವನ್ನು ಬಣ್ಣಿಸುತ್ತದೆ.

ಆದರೆ ಇದನ್ನು ಹಿಡಿದು ‘ನಮ್ಮಲ್ಲಿ ಎಲ್ಲಾ ಇತ್ತು’ ಅಂತ ಹೇಳೋಕೆ ನಾನು ಬಂದಿಲ್ಲ. ಸಾಕ್ಷಿ ನಿಲ್ಲುತ್ತಿದ್ದವರು ಮಹಾಜನರು, ಗಾವುಂಡರು, ಅಂದರೆ ಊರಿನಲ್ಲಿ ಮಾತು ನಡೆಯುತ್ತಿದ್ದವರು. ಅನ್ನ ಉಣ್ಣುವ ಕುರುಡನ ಅಕ್ಕ ಸಾಕ್ಷಿಯ ಪಟ್ಟಿಯಲ್ಲಿ ಇಲ್ಲ. ದತ್ತಿಗೆ ಕಾವಲು ಇತ್ತು. ಆ ದತ್ತಿಯಲ್ಲಿ ಬದುಕುವವರ ಮಾತಿಗೆ ಜಾಗ ಇರಲಿಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

3. ಗೆರೆ ಎಳೆದ ಮೇಲೆ

ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಮಡಕಶಿರಾ ಆಗಲೇ ಅನಂತಪುರಕ್ಕೆ ಸೇರಿತ್ತು. ರಾಯದುರ್ಗ ಮಾತ್ರ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಮತ್ತೆ ಒಡೆದು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಇದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಈ ಗೆರೆ ಒಂದು ಮನೆಯ ಆರೈಕೆಯ ದಾರಿಯನ್ನು ಹೇಗೆ ಕತ್ತರಿಸಿತು ಅಂತ ನಾವು ಬರೆದಿಲ್ಲ. ರಾಯದುರ್ಗದ ಹೆಣ್ಣುಮಕ್ಕಳನ್ನು ಬಳ್ಳಾರಿ, ಮೊಳಕಾಲ್ಮೂರಿಗೆ ಕೊಟ್ಟಿರುತ್ತಾರೆ. ಮಡಕಶಿರಾದವರ ನೆಂಟಸ್ತಿಕೆ ಶಿರಾ, ಪಾವಗಡ, ಮಧುಗಿರಿ ಕಡೆಗೆ. ವರ್ಷಕ್ಕೆ ಸರಾಸರಿ ಸುಮಾರು 550 ಮಿ.ಮೀ. ಮಳೆ ಬೀಳುವ ಈ ನಾಡಿನಲ್ಲಿ ಶೇಂಗಾ ಕೈಕೊಟ್ಟ ವರ್ಷ ವಯಸ್ಸಿನ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ವಯಸ್ಸಾದವರು ಉಳಿಯುತ್ತಾರೆ. ಉಳಿದವರನ್ನು ಸೇರಿಸುವ ವೃದ್ಧಾಶ್ರಮ ಒಂದು ರಾಜ್ಯದಲ್ಲಿ, ಮಗ ಇನ್ನೊಂದು ರಾಜ್ಯದಲ್ಲಿ. ಈ ಕಡೆಗೆ ಕರ್ನಾಟಕದ 2009ರ ನಿಯಮಗಳು, ಆ ಕಡೆಗೆ ಆಂಧ್ರದ 2011ರ ನಿಯಮಗಳು. ದೂರು ಎಲ್ಲಿ ಕೊಡಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಅನ್ನುವುದೇ ಒಂದು ದೊಡ್ಡ ಗೋಜಲು.

4. ಕಾನೂನು ಕಂಡ ಕುಟುಂಬ

ಆ ಎರಡೂ ನಿಯಮಗಳ ತಾಯಿ, ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಈ ಕಾಯ್ದೆಯಲ್ಲಿ ಕುಟುಂಬ ಎಲ್ಲೆಲ್ಲಿ ಬರುತ್ತದೆ ನೋಡಿ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಬೇಕಾದವರು ಅಂತ ಬರುತ್ತದೆ. ಆಸ್ತಿ ಬರೆಸಿಕೊಂಡು ಕೈಬಿಟ್ಟವರು ಅಂತ ಬರುತ್ತದೆ. ಹಿರಿಯರನ್ನು ತೊರೆದರೆ ಮೂರು ತಿಂಗಳ ಸೆರೆ ಅಥವಾ ದಂಡಕ್ಕೆ ಗುರಿಯಾಗುವವರು ಅಂತ ಬರುತ್ತದೆ. ಅಂದರೆ ಕುಟುಂಬ ಇಲ್ಲಿ ಸಾಲಗಾರ, ಇಲ್ಲವೇ ಆರೋಪಿ. ಇದು ಅನಗತ್ಯ ಅಂತ ನಾನು ಹೇಳುತ್ತಿಲ್ಲ, ಅಂಥ ಮಕ್ಕಳು ಇದ್ದಾರೆ.

ವೃದ್ಧಾಶ್ರಮದ ಮಾತು ಬರುವುದು 19ನೇ ಕಲಮಿನಲ್ಲಿ. ಪ್ರತಿ ಜಿಲ್ಲೆಗೆ ಒಂದರಂತೆ ಶುರುಮಾಡಿ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವಂಥ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ‘ಬಹುದು’. ನಿರ್ವಹಣೆಯ ಮಾನದಂಡಗಳನ್ನು ಗೊತ್ತುಮಾಡುವುದಕ್ಕೂ ಅದೇ ‘ಬಹುದು’. ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಅಂತ ಲೆಕ್ಕ ತರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಅಲ್ಲಿರುವವರ ಮನೆಯವರು ಒಟ್ಟಾಗಿ ಕೂತು ಮಾತಾಡುವ ಹಕ್ಕು, ಅವರ ಮಾತಿಗೆ ಸಂಸ್ಥೆ ಉತ್ತರ ಕೊಡಬೇಕಾದ ಬಾಧ್ಯತೆ ಈ ಕಾಯ್ದೆಯಲ್ಲಿ ಇಲ್ಲ. ಹಾಗಾಗಿ ಹಣ ಕಟ್ಟುವ ಮಗ ಒಳಗೆ ಬರಬಹುದು, ನಾಲ್ಕು ಮನೆಯವರು ಸೇರಿದರೆ ‘ಗುಂಪು’.

5. ಒಳಗೆ ಬಂದ ಕುಟುಂಬಗಳು

ಇದೇ ದೇಶದಲ್ಲಿ ಇನ್ನೊಂದು ದಾರಿಯೂ ಇತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಇರಿಸಿದರು. ಮನೆಯವರು ಆರೈಕೆಯಲ್ಲಿ ಕೈಜೋಡಿಸಿದರು, ಒಬ್ಬರಿಂದ ಒಬ್ಬರು ಕಲಿತರು. ಸಿಬ್ಬಂದಿ ಕೊರತೆಯೂ ಇದಕ್ಕೆ ಒಂದು ಕಾರಣ, ಅದನ್ನು ಮುಚ್ಚಿಡಬೇಕಾಗಿಲ್ಲ. ವೆಲ್ಲೂರು ಮತ್ತು ಬೆಂಗಳೂರು ಆಮೇಲೆ ಈ ದಾರಿಯನ್ನು ತಮ್ಮದಾಗಿಸಿಕೊಂಡವು. ನಿಮ್ಹಾನ್ಸ್‌ಗೆ ಹೋಗಿ ಬಂದವರಿಗೆ, ರೋಗಿಯ ಜೊತೆ ಮನೆಯವರೂ ಇರುವ ವಾರ್ಡು ಹೊಸದಲ್ಲ.

ಕಾನೂನೂ ನಿಧಾನವಾಗಿ ಇದನ್ನು ಒಪ್ಪಿತು. ಬೌದ್ಧಿಕ ಅಂಗವೈಕಲ್ಯ ಮೊದಲಾದವು ಇರುವವರಿಗಾಗಿ 1999ರಲ್ಲಿ ಬಂದ ರಾಷ್ಟ್ರೀಯ ನ್ಯಾಸ ಕಾಯ್ದೆ, ತಂದೆತಾಯಿಯರ ಸಂಘಗಳಿಗೆ ಮಂಡಳಿಯಲ್ಲೇ ಸ್ಥಾನ ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರಾಜ್ಯ ಪ್ರಾಧಿಕಾರದಲ್ಲಿ ಆರೈಕೆದಾರರ ಪ್ರತಿನಿಧಿಗಳು ಇರಬೇಕು. ಮಕ್ಕಳ ಪರವಾಗಿ ತಂದೆತಾಯಿ ಸಂಘ ಕಟ್ಟಿದರೆ ಕಾನೂನು ಕುರ್ಚಿ ಹಾಕುತ್ತದೆ, ತಂದೆತಾಯಿ ಪರವಾಗಿ ಮಕ್ಕಳು ಸಂಘ ಕಟ್ಟಿದರೆ ಕುರ್ಚಿ ಇಲ್ಲ. ಈ ವೈಚಿತ್ರ್ಯಕ್ಕೆ ಒಂದು ಕಾರಣ ನನಗೆ ತೋಚುವುದು ಹೀಗೆ: ವೃದ್ಧಾಶ್ರಮಕ್ಕೆ ಸೇರಿಸಿದ ಮಕ್ಕಳು ಅಂದರೆ ಕೈತೊಳೆದುಕೊಂಡವರು ಅಂತ ಸಮಾಜ ಮೊದಲೇ ತೀರ್ಮಾನಿಸಿದೆ. ಅವರೂ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಕಲ್ಲುಬೆಂಚಿನ ಮೇಲೆ ನಾವೂ ಮೊದಲು ಹಾಗೇ ಸುಮ್ಮನೆ ಕೂತಿದ್ದೆವು.

6. ಬೇರೆ ಕಡೆ

ಅಮೆರಿಕದಲ್ಲಿ 1987ರ ಕಾಯ್ದೆ, ನರ್ಸಿಂಗ್ ಹೋಮ್‌ಗಳಲ್ಲಿ ಇರುವವರ ಕುಟುಂಬಗಳು ಅಲ್ಲಿಯೇ ಸಭೆ ಸೇರುವ ಹಕ್ಕನ್ನು ಮಾನ್ಯ ಮಾಡಿತು. ಕೆನಡಾದ ಒಂಟೇರಿಯೊದಲ್ಲಿ 2007ರ ಕಾಯ್ದೆ, ಈಗ ಅದರ ಜಾಗದಲ್ಲಿ ಬಂದಿರುವ 2021ರ ಕಾಯ್ದೆ ಇನ್ನೂ ಮುಂದೆ ಹೋಗಿವೆ. ಅಲ್ಲಿ ಇರುವವರದ್ದೇ ಆದ ನಿವಾಸಿ ಮಂಡಳಿ ಕಡ್ಡಾಯ, ಕುಟುಂಬ ಮಂಡಳಿ ಐಚ್ಛಿಕ. ಕುಟುಂಬ ಮಂಡಳಿಯ ಸಭೆಗೆ ಸಂಸ್ಥೆಯವರು ಕರೆದರೆ ಮಾತ್ರ ಬರಬೇಕು. ಮಂಡಳಿ ಕೊಟ್ಟ ಸಲಹೆ ಅಥವಾ ದೂರಿಗೆ 10 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಒಂದು ಕಡೆಯ ಮಂಡಳಿ ಕಂಡುಕೊಂಡ ಉಪಾಯವನ್ನು ಇನ್ನೊಂದು ಕಡೆಯವರಿಗೆ ತಲುಪಿಸುವ ಜಾಲವೂ ಇದೆ.

ಹಾಗಂತ ಅಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. 2020ರಲ್ಲಿ ಕೋವಿಡ್ ಬಂದು ಮನೆಯವರಿಗೆ ಬಾಗಿಲು ಮುಚ್ಚಿದಾಗ, ಒಂಟೇರಿಯೊದ ಐದು ಕೇಂದ್ರಗಳಿಗೆ ಸೇನೆಯನ್ನು ಕಳಿಸಬೇಕಾಯಿತು. ಒಳಗಿನ ದುಃಸ್ಥಿತಿ ಹೊರಗೆ ಬಂದದ್ದು ಸೇನೆಯ ವರದಿಯಿಂದ. ಕಾನೂನಿನಲ್ಲಿ ಮಂಡಳಿ ಇದ್ದರೆ ಸಾಲದು, ಮನೆಯವರ ಕಣ್ಣು ಒಳಗೆ ಇರಬೇಕು.

7. ಎರಡು ಪ್ರಶ್ನೆ, ಒಂದು ವಿನಂತಿ

ಗೋಷ್ಠಿಯಲ್ಲಿ ಒಬ್ಬರು ಕೇಳಿದರು: ಆಸ್ತಿಗಾಗಿ ಹಿಂಸೆ ಕೊಡುವವರೂ ಕುಟುಂಬದವರೇ ಅಲ್ಲವೇ, ಅವರ ಕೈಗೆ ಇನ್ನಷ್ಟು ಅಧಿಕಾರ ಕೊಟ್ಟರೆ ಹೇಗೆ? ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಶಾಸನದ ಸಾಕ್ಷಿಗಳ ಮಾತು ಎತ್ತಿದ್ದು. ಕಾವಲು ಕಾಯುವವರು ಇದ್ದಮಾತ್ರಕ್ಕೆ ಉಣ್ಣುವವರ ಮಾತು ಕೇಳಿಸುವುದಿಲ್ಲ. ಮೊದಲ ಕುರ್ಚಿ ಅಲ್ಲಿ ಇರುವವರದ್ದೇ ಆಗಬೇಕು. ಕುಟುಂಬ ಮಂಡಳಿ ಅವರ ಮಾತನ್ನು ಒಯ್ಯಬೇಕು, ಅವರ ಬದಲಿಗೆ ಮಾತಾಡಬಾರದು. ಹಾಗೇ ಒಬ್ಬ ಮಗ ಒಂಟಿಯಾಗಿ ಮಾಡಬಹುದಾದ ಅನ್ಯಾಯವನ್ನು ಹತ್ತು ಮನೆಯವರ ಎದುರು ಮಾಡುವುದು ಅಷ್ಟು ಸುಲಭವಲ್ಲ.

ಎರಡನೆಯ ಪ್ರಶ್ನೆ ಭಾಷೆಯದು. ಆಂಧ್ರದಲ್ಲಿದ್ದು ಕನ್ನಡದಲ್ಲಿ ದೂರು ಕೊಟ್ಟರೆ ಯಾರು ತಗೋತಾರೆ ಅಂತ. ಸಂವಿಧಾನದ 350ನೇ ವಿಧಿ, ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಕೊಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ. ಗಡಿನಾಡಿನಲ್ಲಿ ನಾವು 350-ಎ ವಿಧಿಯನ್ನು ಶಾಲೆಗಾಗಿ ಬಾಯಿಪಾಠ ಮಾಡಿದ್ದೇವೆ. ಅದು 1956ರಲ್ಲಿ ಸೇರಿದ್ದು. ಅದಕ್ಕೂ ಮೊದಲಿನಿಂದ ಇರುವ 350ನ್ನು ಮರೆತಿದ್ದೇವೆ. ಮಗುವಿಗೆ ತಾಯ್ನುಡಿಯ ಪಾಠ ಬೇಕು ಅಂತ ಹೋರಾಡಿದವರು, ಮುಪ್ಪಿನಲ್ಲಿ ತಾಯ್ನುಡಿಯ ಆರೈಕೆ ಬೇಕು ಅಂತ ಇನ್ನೂ ಕೇಳಿಲ್ಲ. ಈ ವಿಧಿ ಖಾಸಗಿ ಸಂಸ್ಥೆಯನ್ನು ಕಟ್ಟಿಹಾಕುವುದಿಲ್ಲ ನಿಜ. ಆದರೆ ಅಧಿಕಾರಿಯ ಮೇಜಿನವರೆಗೆ ನಮ್ಮ ಕನ್ನಡದ ಕಾಗದ ಹೋಗಬಹುದು.

ಕೊನೆಗೆ ವಿದ್ಯಾರ್ಥಿ ಮಿತ್ರರಿಗೆ ವಿನಂತಿ. ಕ್ಷೇತ್ರಕಾರ್ಯಕ್ಕೆ ಹೇಮಾವತಿಗೋ ರಾಯದುರ್ಗದ ಬೆಟ್ಟಕ್ಕೋ ಹೋದಾಗ ಶಾಸನದ ಪಡಿಯಚ್ಚು ತೆಗೆಯಿರಿ, ಅದು ಆಗಲೇಬೇಕಾದ ಕೆಲಸ. ಹಾಗೇ ಹತ್ತಿರದ ವೃದ್ಧಾಶ್ರಮ ಇದ್ದರೆ ಅಲ್ಲಿನವರ ಮತ್ತು ಮನೆಯವರ ಒಪ್ಪಿಗೆ ಪಡೆದು, ಯಾವ ಮಾತಿಗೆ ಯಾವ ಅರ್ಥ ಹಿಡಿದರು, ಯಾವುದನ್ನು ಹೇಗೆ ಸರಿಮಾಡಿಕೊಂಡರು ಅಂತ ಕೇಳಿ ಬರೆದುಕೊಳ್ಳಿ. ಹೆಸರು ಬೇಡ, ಮಾತು ಸಾಕು. ನಮ್ಮ ಇಪ್ಪತ್ತು ಮಾತಿನ ಹಾಳೆಯ ಪ್ರತಿ ನನ್ನ ಹತ್ತಿರ ಇದೆ, ಬೇಕಾದವರಿಗೆ ಕಳಿಸುತ್ತೇನೆ. ಅದರಲ್ಲಿ ಮೊದಲ ಸಾಲು ‘ಉರಿ’, ಎದುರಿಗೆ ತೆಲುಗಿನ ‘ಮಂಟ’. ಮಿಕ್ಕ ಸಾಲುಗಳನ್ನು ನೀವು ಸೇರಿಸಿ.