ಎರಡು ರೂಪಾಯಿಯ ಟ್ರಾನ್ಸಿಸ್ಟರ್, ಎಂಬತ್ತು ರೂಪಾಯಿಯ ಕೊರಿಯರ್

ಬಿಸಿ547 ಟ್ರಾನ್ಸಿಸ್ಟರ್ ಎಲೆಕ್ಟ್ರಾನಿಕ್ಸ್ ಕಲಿಯುವ ಬಹುತೇಕ ಎಲ್ಲರ ಕೈಗೂ ಬರುವ ಬಿಡಿಭಾಗ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೆ ಒಂದೆರಡು ರೂಪಾಯಿ. ಅದೊಂದನ್ನೇ ಆನ್‌ಲೈನ್‌ನಲ್ಲಿ ತರಿಸಿದರೆ ಕೊರಿಯರ್‌ಗೆ ಐವತ್ತೋ ಎಂಬತ್ತೋ ರೂಪಾಯಿ ತೆರಬೇಕು. ಸರ್ಕ್ಯೂಟ್ ಕಟ್ಟುವ ಹವ್ಯಾಸದಲ್ಲಿ ವಸ್ತುವಿಗಿಂತ ಅದನ್ನು ಮನೆಗೆ ತಲುಪಿಸುವ ಖರ್ಚೇ ಹೆಚ್ಚಾಗುವುದು ಮಾಮೂಲು. ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳಿಗೆ, ಪೇಟೆಯಿಂದ ದೂರವಿರುವ ಊರುಗಳ ಹವ್ಯಾಸಿಗಳಿಗೆ ಇದು ನಿಜಕ್ಕೂ ಕೈ ಕಚ್ಚುವ ಬಾಬತ್ತು. ಆದರೆ ಇದರಲ್ಲಿ ಬಹುಪಾಲು ತಪ್ಪಿಸಬಹುದಾದ ಖರ್ಚು. ಕೂಪನ್ ಕೋಡ್ ಹುಡುಕುವುದಕ್ಕಿಂತ ಆರ್ಡರ್‌ಗಳ ಸಂಖ್ಯೆ ಇಳಿಸುವುದೇ ಅದಕ್ಕೆ ಮುಖ್ಯ ದಾರಿ.

## ದರ ಹೇಗೆ ನಿಗದಿಯಾಗುತ್ತದೆ

ಕೊರಿಯರ್ ದರ ತೂಕದ ಹಂತಗಳಲ್ಲಿ ಏರುತ್ತದೆ. ದೇಶದೊಳಗಿನ ಖಾಸಗಿ ಕೊರಿಯರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಹಂತ 500 ಗ್ರಾಂ. ಹತ್ತು ರೆಸಿಸ್ಟರ್‌ಗಳ ಪೊಟ್ಟಣವಿರಲಿ, ಆರ್ಡುಯಿನೊ ಬೋರ್ಡು, ಬೆಸುಗೆ ತಂತಿ, ಮಲ್ಟಿಮೀಟರ್ ಒಟ್ಟಿಗೆ ಇರುವ ಡಬ್ಬವಿರಲಿ, ಆ ಮಿತಿಯೊಳಗಿದ್ದರೆ ದರ ಒಂದೇ. ಪ್ಯಾಕ್ ಮಾಡುವ, ವಿಳಾಸದ ಚೀಟಿ ಅಂಟಿಸುವ, ಮನೆ ಬಾಗಿಲಿಗೆ ತಲುಪಿಸುವ ಕೆಲಸ ಎರಡಕ್ಕೂ ಸಮವಲ್ಲವೇ? ಹಾಗಾಗಿ ಮೂರು ಸಣ್ಣ ಆರ್ಡರ್ ಎಂದರೆ ಮೂರು ಪಟ್ಟು ಸಾಗಣೆ.

ಬಿಲ್ಲಿನಲ್ಲಿ ಸಾಗಣೆಯ ಮೇಲೂ ಜಿಎಸ್‌ಟಿ ಬೀಳುತ್ತದೆ. ಅಂಗಡಿಯವರೇ ಸರಕಿನೊಂದಿಗೆ ಸಾಗಣೆಯನ್ನೂ ಸೇರಿಸಿ ಮಾರಿದಾಗ ಸರಕಿಗೆ ಇರುವ ದರವೇ ಸಾಗಣೆಗೂ ಅನ್ವಯ. ಶೇ. 18ರ ಸರಕಾದರೆ 60 ರೂಪಾಯಿಯ ಸಾಗಣೆ 70 ರೂಪಾಯಿ 80 ಪೈಸೆ ಆಗುತ್ತದೆ. ಮನೆಗೆ ಬಂದ ಮೇಲೆ ಹಣ ಕೊಡುತ್ತೇವೆಂದರೆ ಹಲವು ಅಂಗಡಿಗಳು ಅದಕ್ಕೂ ಬೇರೆ ಶುಲ್ಕ ಹಾಕುತ್ತವೆ. ಯುಪಿಐನಲ್ಲಿ ಮುಂಗಡ ಕೊಟ್ಟರೆ ಅಷ್ಟು ಉಳಿಯಿತು.

ಇನ್ನೊಂದು ಲೆಕ್ಕ ಗಾತ್ರದ್ದು. ಹಗುರವಾದರೂ ಜಾಗ ತಿನ್ನುವ ಪೊಟ್ಟಣಕ್ಕೆ ಕೊರಿಯರ್‌ನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಕಿಲೋವನ್ನೇ ತೂಕವೆಂದು ಹಿಡಿಯುತ್ತಾರೆ. 30, 20, 15 ಸೆಂ.ಮೀ. ಅಳತೆಯ ಪೆಟ್ಟಿಗೆ ಎಂದರೆ 9000 ಘನ ಸೆಂ.ಮೀ.; ಒಳಗೆ 300 ಗ್ರಾಮಿನ ರೋಬೋ ಚಾಸಿ ಇದ್ದರೂ ದರ 1.8 ಕಿಲೋಗೆ. ಅಕ್ರಿಲಿಕ್ ಹಲಗೆ, ಪ್ಲಾಸ್ಟಿಕ್ ಎನ್‌ಕ್ಲೋಷರ್, ದೊಡ್ಡ ಚಕ್ರಗಳಂಥವನ್ನು ಹತ್ತಿರದ ಪೇಟೆಯಲ್ಲೇ ಕೊಳ್ಳುವುದು ಒಳ್ಳೆಯದು. ಪ್ರಾಜೆಕ್ಟಿನ ಡಬ್ಬಕ್ಕೆ ವೈರಿಂಗ್ ಸಾಮಾನಿನ ಅಂಗಡಿಯ ಪಿವಿಸಿ ಜಂಕ್ಷನ್ ಬಾಕ್ಸ್ ಎಷ್ಟೋ ಸಲ ಸಾಕಾಗುತ್ತದೆ.

## ಪಟ್ಟಿ ಪೂರ್ತಿಯಾಗಿರಲಿ

ಎರಡನೇ ಆರ್ಡರ್ ಬೀಳುವುದು ಹೆಚ್ಚಾಗಿ ಮರೆವಿನಿಂದ. ಮುಖ್ಯ ಬೋರ್ಡು, ಸೆನ್ಸರು, ಡಿಸ್‌ಪ್ಲೇ ಎಲ್ಲರಿಗೂ ನೆನಪಿರುತ್ತವೆ. ಐಸಿ ಬೇಸ್, ಹೆಡರ್ ಪಿನ್, ಡಿಸಿ ಜ್ಯಾಕ್, 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, 3 ಎಂಎಂ ಸ್ಕ್ರೂ, ಸ್ಪೇಸರ್‌ಗಳು ನೆನಪಿರುವುದಿಲ್ಲ. ಇಎಸ್‌ಪಿ32 ಬೋರ್ಡಿಗೆ 5 ವೋಲ್ಟ್ ಸಿಗ್ನಲ್ ಕೊಡುವ ಸೆನ್ಸರ್ ಜೋಡಿಸುವವರು ಲೆವೆಲ್ ಶಿಫ್ಟರ್ ಬೇಕೆಂದು ತಿಳಿಯುವುದು ಪೊಟ್ಟಣ ಬಿಚ್ಚಿದ ಮೇಲೆ. ಸರ್ಕ್ಯೂಟಿನ ನಕ್ಷೆಯನ್ನು ಎದುರಿಗಿಟ್ಟುಕೊಂಡು, ವಿದ್ಯುತ್ ಒಳಬರುವ ಜಾಗದಿಂದ ಶುರುಮಾಡಿ ಒಂದೊಂದು ತಂತಿಯ ಎರಡೂ ತುದಿಯಲ್ಲಿ ಏನಿದೆ ಎಂದು ಬರೆಯುತ್ತಾ ಹೋದರೆ ಇವೆಲ್ಲ ಪಟ್ಟಿಗೆ ಬರುತ್ತವೆ. ಸುಲಭವಾಗಿ ಸುಡುವ ಭಾಗಗಳನ್ನು, ಅಂದರೆ ರೆಗ್ಯುಲೇಟರ್, ಮಾಸ್‌ಫೆಟ್, ಅಗ್ಗದ ಐಸಿಗಳನ್ನು, ಒಂದು ಹೆಚ್ಚಿಗೆ ಬರೆಯಿರಿ. ಹದಿನೈದು ರೂಪಾಯಿಯ ಐಸಿ ಸುಟ್ಟಿತೆಂದು ಮತ್ತೆ ಕೊರಿಯರ್ ಕಾಸು ತೆರುವುದು ಬೇಸರದ ಸಂಗತಿ.

ಅಂಗಡಿಗಳನ್ನು ಹೋಲಿಸುವಾಗ ಬಿಡಿ ಬೆಲೆ ನೋಡಿ ಮೋಸಹೋಗಬಾರದು. ಒಂದು ಕಡೆ ಸಾಮಾನು 340, ಸಾಗಣೆ 79. ಇನ್ನೊಂದು ಕಡೆ ಅದೇ ಸಾಮಾನು 395, ಸಾಗಣೆ ಇಲ್ಲ ಎಂದುಕೊಳ್ಳಿ. ಎರಡನೆಯದೇ ಅಗ್ಗ. ಹಲವು ಮಾರಾಟಗಾರರಿರುವ ತಾಣಗಳಲ್ಲಿ ಐದು ವಸ್ತು ಐದು ಕಡೆಯಿಂದ ಹೊರಟು ಐದು ಸಲ ಸಾಗಣೆ ಬೀಳುವುದೂ ಉಂಟು. ಮಾರಾಟಗಾರರ ಹೆಸರು ನೋಡಿ ಒಬ್ಬರ ಬಳಿಯೇ ಆದಷ್ಟು ಆರಿಸಬೇಕು.

## ಮನೆಯಲ್ಲೊಂದು ದಾಸ್ತಾನು

ನನ್ನ ಮಟ್ಟಿಗೆ ಅತಿ ದೊಡ್ಡ ಉಳಿತಾಯ ಇರುವುದು ಇಲ್ಲಿ. ರೆಸಿಸ್ಟರ್‌ಗಳನ್ನೇ ನೋಡಿ. ಇ12 ಶ್ರೇಣಿಯಲ್ಲಿ ಹತ್ತು ಪಟ್ಟಿನ ಒಂದು ಅಂತರಕ್ಕೆ ಹನ್ನೆರಡೇ ಮೌಲ್ಯಗಳು: 10, 12, 15, 18, 22, 27, 33, 39, 47, 56, 68, 82. ಒಂದಕ್ಕಿಂತ ಮುಂದಿನದು ಸುಮಾರು 1.21 ಪಟ್ಟು. ಶೇ. 10ರ ಏರುಪೇರು ಇದ್ದರೂ ನಡುವೆ ದೊಡ್ಡ ತೆರಪು ಉಳಿಯದಂತೆ ಮಾಡಿದ ಲೆಕ್ಕ ಇದು. 10 ಓಮ್‌ನಿಂದ 1 ಮೆಗಾಓಮ್‌ವರೆಗೆ 61 ಮೌಲ್ಯಗಳಾಗುತ್ತವೆ. ಕಾಲು ವ್ಯಾಟಿನವನ್ನು ಹತ್ತು ಹತ್ತರಂತೆ ಒಮ್ಮೆ ತರಿಸಿಟ್ಟರೆ ಬಹುಕಾಲ ರೆಸಿಸ್ಟರ್‌ಗಾಗಿ ಆರ್ಡರ್ ಮಾಡಬೇಕಾಗುವುದಿಲ್ಲ. ಪಟ್ಟಿಯಲ್ಲಿಲ್ಲದ 5 ಕಿಲೋಓಮ್ ಬೇಕೆಂದರೆ ಎರಡು 10 ಕಿಲೋಓಮ್ ಸಮಾಂತರವಾಗಿ, 20 ಬೇಕೆಂದರೆ ಅವೇ ಎರಡು ಸಾಲಾಗಿ.

ಬದಲಿ ಭಾಗಗಳ ತಿಳಿವಳಿಕೆಯೂ ಹಣ ಉಳಿಸುತ್ತದೆ. 1ಎನ್4001ರಿಂದ 1ಎನ್4007ರವರೆಗಿನ ಡಯೋಡ್‌ಗಳೆಲ್ಲ 1 ಆಂಪಿಯರ್‌ನವು. ತಡೆಯಬಲ್ಲ ಹಿಮ್ಮುಖ ವೋಲ್ಟೇಜ್ ಮೊದಲನೆಯದಕ್ಕೆ 50, ಕೊನೆಯದಕ್ಕೆ 1000. ಆದ್ದರಿಂದ 4007 ಒಂದನ್ನೇ ಇಟ್ಟುಕೊಂಡರೆ ಉಳಿದ ಆರರ ಜಾಗಕ್ಕೂ ಆಯಿತು. ವೇಗದ ಸ್ವಿಚಿಂಗ್ ಇರುವಲ್ಲಿ ಮಾತ್ರ ಅದು ಸಲ್ಲದು, ಅಲ್ಲಿಗೆ 1ಎನ್5819ರಂಥ ಷಾಟ್ಕಿ ಡಯೋಡ್ ಬೇಕು. 16 ವೋಲ್ಟಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಜಾಗಕ್ಕೆ ಅದೇ ಮೈಕ್ರೊಫ್ಯಾರಡ್‌ನ 25 ವೋಲ್ಟಿನದು ಹೊಂದುತ್ತದೆ, ಗಾತ್ರ ಸ್ವಲ್ಪ ದೊಡ್ಡದಿರಬಹುದು. ಬಿಸಿ547 ಬದಲು 2ಎನ್3904 ಹಾಕುವಾಗ ಎಚ್ಚರ: ಚಪ್ಪಟೆ ಮುಖ ನಮ್ಮ ಕಡೆ ಹಿಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್, ಎರಡನೆಯದರವು ಎಮಿಟರ್, ಬೇಸ್, ಕಲೆಕ್ಟರ್. ತಿರುಗಿಸಿ ಕೂರಿಸಬೇಕು.

ಕೆಟ್ಟ ಕಂಪ್ಯೂಟರ್ ಎಸ್‌ಎಂಪಿಎಸ್, ಸೆಟ್ ಟಾಪ್ ಬಾಕ್ಸ್, ಹಳೆಯ ಪ್ರಿಂಟರ್‌ಗಳಲ್ಲಿ ಹೀಟ್ ಸಿಂಕ್, ಕನೆಕ್ಟರ್, ಫ್ಯಾನು, ಸ್ಕ್ರೂ, ಮೋಟಾರು ಧಾರಾಳವಾಗಿ ಸಿಗುತ್ತವೆ. ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ 300 ವೋಲ್ಟಿನ ಆಸುಪಾಸು ಹಿಡಿದಿಟ್ಟುಕೊಂಡಿರಬಹುದು. ಅವು ಖಾಲಿಯಾಗಿವೆಯೆಂದು ಮೀಟರಿನಲ್ಲಿ ನೋಡದೆ ಮುಟ್ಟಲೇಬಾರದು. ಹೊಸಬರು ಈ ಕೆಲಸಕ್ಕೆ ತಿಳಿದವರನ್ನು ಜೊತೆಗಿಟ್ಟುಕೊಳ್ಳಲಿ.

## ಉಚಿತ ಸಾಗಣೆಯ ಮಿತಿ

ಇಷ್ಟು ರೂಪಾಯಿಗಿಂತ ಹೆಚ್ಚು ಕೊಂಡರೆ ಸಾಗಣೆ ಉಚಿತ ಎನ್ನುವ ಅಂಗಡಿಗಳಲ್ಲಿ ಮಿತಿ ಮುಟ್ಟಲು ಕಣ್ಣಿಗೆ ಕಂಡ ಸೆನ್ಸರ್ ಸೇರಿಸುವುದು ಸುಲಭ. ಅರವತ್ತು ರೂಪಾಯಿ ಉಳಿಸಲು ಇನ್ನೂರು ಕಳೆದಂತಾಗುತ್ತದೆ. ಕೊರತೆ ತುಂಬಬೇಕಾದದ್ದು ಹೇಗೂ ಖರ್ಚಾಗುವ ವಸ್ತುಗಳಿಂದ: ಬೆಸುಗೆ ತಂತಿ, ಫ್ಲಕ್ಸ್, ಡಿಸೋಲ್ಡರಿಂಗ್ ವಿಕ್, ಜಂಪರ್ ವೈರ್, ಹೀಟ್ ಶ್ರಿಂಕ್ ಸ್ಲೀವ್, ಝೀರೋ ಪಿಸಿಬಿ. ಅವಸರವಿಲ್ಲದಿದ್ದರೆ ಪಟ್ಟಿ ತಾನಾಗಿ ಮಿತಿ ಮುಟ್ಟುವವರೆಗೆ ಕಾಯುವುದು ಇನ್ನೂ ಲೇಸು.

## ಎಸ್.ಪಿ. ರೋಡ್, ಬಸ್ಸಿನ ಪಾರ್ಸೆಲ್, ಅಂಚೆ

ಬೆಂಗಳೂರಿನವರಿಗೆ ಸದರ್ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್, ಇದೆ. ಮೆಟ್ರೊ ಹಸಿರು ಮಾರ್ಗದ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಗಳಿಂದ ನಡೆದೇ ಹೋಗಬಹುದು. ಚೆನ್ನೈನ ಕನ್ನಡಿಗರಿಗೆ ರಿಚಿ ಸ್ಟ್ರೀಟ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಹಾಗೆಯೇ. ಇಂಥ ಬೀದಿಗಳಲ್ಲಿ ಭಾಗದ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಬಾಯಲ್ಲಿ ವಿವರಿಸುವುದು ಗೊಂದಲಕ್ಕೆ ದಾರಿ. ಹೋಗಿ ಬರುವ ಟಿಕೆಟ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ನಿಜ. ಆದರೆ ಕನೆಕ್ಟರ್ ಕೂರುತ್ತದೋ ಇಲ್ಲವೋ ಎಂದು ಕೈಯಲ್ಲಿ ಹಿಡಿದು ನೋಡುವ ಅನುಕೂಲ ಆನ್‌ಲೈನ್‌ನಲ್ಲಿ ಇಲ್ಲ.

ಶಿವಮೊಗ್ಗ, ಪುತ್ತೂರು, ಹಾಸನದಂಥ ಊರಿನವರಿಗೆ ಬಸ್ಸಿನ ಪಾರ್ಸೆಲ್ ಒಂದು ದಾರಿ. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಸೇವೆ ಆರಂಭಿಸಿತು. ಬೆಂಗಳೂರಿನ ಗೆಳೆಯರು ಸಾಮಾನು ಕೊಂಡು ಬಸ್ ನಿಲ್ದಾಣದಲ್ಲಿ ಕೊಟ್ಟರೆ ನಿಮ್ಮೂರ ನಿಲ್ದಾಣದಲ್ಲಿ ಬಿಡಿಸಿಕೊಳ್ಳಬಹುದು. ಟ್ರಾನ್ಸ್‌ಫಾರ್ಮರ್, ಬ್ಯಾಟರಿ ಚಾರ್ಜರ್‌ನಂಥ ಭಾರದ ಸಾಮಾನಿಗೆ ಇದನ್ನು ವಿಚಾರಿಸಿ ನೋಡಬೇಕು. ಹಳ್ಳಿಗಳಿಗೆ ಕೆಲವು ಖಾಸಗಿ ಕೊರಿಯರ್‌ಗಳು ಹೆಚ್ಚುವರಿ ದರ ಕೇಳುತ್ತವೆ, ಕೆಲವು ಬರುವುದೇ ಇಲ್ಲ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕಚೇರಿಗಳಿರುವ ಅಂಚೆ ಇಲಾಖೆ ಅಲ್ಲಿಗೂ ತಲುಪುತ್ತದೆ. ಸಣ್ಣ ಐಸಿಗಳನ್ನು ದಪ್ಪ ಲಕೋಟೆಯಲ್ಲಿ ಅಂಚೆಗೆ ಹಾಕುತ್ತೀರಾ ಎಂದು ಅಂಗಡಿಯವರನ್ನು ಕೇಳಿ; ಸಣ್ಣ ಅಂಗಡಿಗಳು ಒಪ್ಪಬಹುದು.

## ಕೂಡಿ ಕೊಳ್ಳುವುದು

ಒಂದೇ ಕಾಲೇಜಿನ ನಾಲ್ವರು ಒಂದೇ ಆರ್ಡರ್ ಹಾಕಿದರೆ ಸಾಗಣೆ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. ಹತ್ತು, ನೂರರ ಸಗಟು ದರವೂ ಸಿಗುತ್ತದೆ. ಹಣ ಮೊದಲೇ ಒಟ್ಟುಮಾಡುವುದು, ಸಾಗಣೆಯನ್ನು ತಲೆಗೆ ಸಮನಾಗಿ ಹಂಚುವುದು, ಒಬ್ಬರ ಕೈಯಲ್ಲೇ ಪಟ್ಟಿ ಇರುವುದು, ಇಷ್ಟಾದರೆ ಮನಸ್ತಾಪ ಬರದು. ಬೆಲೆಗೆ ತಕ್ಕಂತೆ ಹಂಚುವ ಲೆಕ್ಕ ನ್ಯಾಯವೆಂದು ತೋರಿದರೂ ದುಬಾರಿ ಬೋರ್ಡ್ ಒಂದನ್ನೇ ಕೊಂಡವನ ಮೇಲೆ ಹೊರೆ ಬೀಳುತ್ತದೆ. ಪೊಟ್ಟಣದಲ್ಲಿ ಅದು ಹಿಡಿಯುವ ಜಾಗವೋ ಅಂಗೈ ಅಗಲ.

## ಹೊರದೇಶದಿಂದ ತರಿಸುವಾಗ

ಒಂದು ಕಾಲಕ್ಕೆ ಚೀನಾದಿಂದ ಸಣ್ಣ ಪೊಟ್ಟಣಗಳು ಉಚಿತ ಸಾಗಣೆಯಲ್ಲಿ ಬರುತ್ತಿದ್ದವು. ದೇಶ ದೇಶಗಳ ಅಂಚೆ ಇಲಾಖೆಗಳು ಪರಸ್ಪರ ತೆರುವ ದರ ಸಣ್ಣ ಪೊಟ್ಟಣಗಳಿಗೆ ಕಡಿಮೆ ಇದ್ದದ್ದು ಅದಕ್ಕೆ ಒಂದು ಕಾರಣ. 2019ರಲ್ಲಿ ವಿಶ್ವ ಅಂಚೆ ಒಕ್ಕೂಟ ಆ ದರಗಳನ್ನು ಬದಲಿಸಿತು. ನವೆಂಬರ್ 2020ರಲ್ಲಿ ಭಾರತ ಅಲಿಎಕ್ಸ್‌ಪ್ರೆಸ್ ಆ್ಯಪ್ ನಿಷೇಧಿಸಿತು. ಅಲ್ಲಿಗೆ ಆ ದಾರಿ ಮುಚ್ಚಿತು.

ಈಗ ಉಳಿದಿರುವುದು ಹೆಚ್ಚಾಗಿ ಕೊರಿಯರ್. ಸುಂಕ ಹಾಕುವಾಗ ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆಯನ್ನು ಕೂಡಿಸಿ ಮೌಲ್ಯ ಕಟ್ಟುತ್ತಾರೆ. ಅಂದರೆ ಸಾಗಣೆಯ ಮೇಲೂ ತೆರಿಗೆ. ವಿಮಾನದಲ್ಲಿ ಬಂದ ಸರಕಿಗೆ ಸಾಗಣೆಯನ್ನು ವಸ್ತುವಿನ ಬೆಲೆಯ ಶೇ. 20ಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು 2007ರ ಮೌಲ್ಯಮಾಪನ ನಿಯಮ ಹೇಳುತ್ತದೆ. ಇದರ ಮೇಲೆ, ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿಗಳು ಶುಲ್ಕ ಸೇರಿಸುತ್ತವೆ. ಸಣ್ಣ ಆರ್ಡರಿಗೆ ಅದೇ ದೊಡ್ಡ ಪೆಟ್ಟು. ಸುಂಕವೂ ಸೇರಿದ ಬೆಲೆ ಹೇಳುವ ವಿತರಕರನ್ನು ಆರಿಸಿದರೆ ಕೊನೆಗೆ ಎಷ್ಟಾಗುತ್ತದೆಂದು ಮೊದಲೇ ತಿಳಿಯುತ್ತದೆ. ‘ಉಡುಗೊರೆ’ ಎಂದು ಬರೆಸಿ ತರಿಸುವ ಉಪಾಯ ಬೇಡ. ಡಿಸೆಂಬರ್ 2019ರಿಂದ ರಾಖಿ ಮತ್ತು ಜೀವರಕ್ಷಕ ಔಷಧಗಳ ಹೊರತು ಉಡುಗೊರೆಯ ಹೆಸರಿನ ಸುಂಕರಹಿತ ಆಮದಿಗೆ ಅವಕಾಶವಿಲ್ಲ.

ಪಿಸಿಬಿ ಮಾಡಿಸುವವರಿಗೆ ಸಾಗಣೆಯ ಈ ಹೊರೆ ಇನ್ನೂ ಸ್ಪಷ್ಟ. ಚೀನಾದ ಶೆನ್‌ಝೆನ್‌ನಲ್ಲಿ 10 ಸೆಂ.ಮೀ. ಚೌಕದ ಐದು ಹಲಗೆಗೆ ಕೆಲವೇ ಡಾಲರ್, ಸಾಗಣೆ ಅದರ ಹಲವು ಪಟ್ಟು. ಎರಡು ಮೂರು ವಿನ್ಯಾಸ ಸಿದ್ಧವಾಗುವವರೆಗೆ ಕಾದು ಒಟ್ಟಿಗೆ ಕಳುಹಿಸಿ, ಇಲ್ಲವೇ ದೇಶದೊಳಗಿನ ತಯಾರಕರ ದರ ಕೇಳಿ ನೋಡಿ. ಬೆಂಗಳೂರಿನಲ್ಲೇ ಲಯನ್ ಸರ್ಕ್ಯೂಟ್ಸ್ ಇದೆ.

## ಲಿಥಿಯಂ ಬ್ಯಾಟರಿ

18650 ಕೋಶ, ಲಿಪೊ ಬ್ಯಾಟರಿಗಳು ವಿಮಾನ ಸಾಗಣೆಯಲ್ಲಿ ಅಪಾಯಕಾರಿ ಸರಕು. ಬಿಡಿಯಾದ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದನ್ನು ಏಪ್ರಿಲ್ 2016ರಿಂದ ನಿಲ್ಲಿಸಲಾಗಿದೆ. ಹೀಗಾಗಿ ಕಾರ್ಟಿನಲ್ಲಿ ಒಂದು ಬ್ಯಾಟರಿ ಇದ್ದರೆ ಇಡೀ ಪೊಟ್ಟಣ ರಸ್ತೆ ಹಿಡಿದು ತಡವಾಗಬಹುದು. ಬ್ಯಾಟರಿಯನ್ನು ಹತ್ತಿರದಲ್ಲೇ ಕೊಳ್ಳಿ. ಅಮೆರಿಕದಿಂದ ಬರುವ ಅಣ್ಣನೋ ಅಕ್ಕನೋ ತಂದುಕೊಡುವುದಾದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್‌–ಇನ್ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ.

## ಪೊಟ್ಟಣ ಬಂದ ದಿನ

ವಾಪಸಾತಿಯ ಸಾಗಣೆಯೂ ಖರ್ಚೇ. ಕೆಟ್ಟ ವಸ್ತುವನ್ನು ಬದಲಿಸಿಕೊಡಲು ಅನೇಕ ಅಂಗಡಿಗಳು ಪೊಟ್ಟಣ ಬಿಚ್ಚುವ ವಿಡಿಯೊ ಕೇಳುತ್ತವೆ. ಕತ್ತರಿ ಹಾಕುವ ಮುಂಚೆಯೇ ಫೋನ್ ಕ್ಯಾಮೆರಾ ಆನ್ ಆಗಿರಲಿ, ವಿಳಾಸದ ಚೀಟಿ ಕಾಣಲಿ. ಬೋರ್ಡಿಗೆ ಹೆಡರ್ ಪಿನ್ ಬೆಸೆಯುವ ಮೊದಲು ಯುಎಸ್‌ಬಿಗೆ ಜೋಡಿಸಿ ಒಂದು ಎಲ್ಇಡಿ ಮಿನುಗಿಸಿ ನೋಡಿ. ಬೆಸುಗೆ ತಾಗಿದ ಬೋರ್ಡನ್ನು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.