ಸಿಂಹಿಣಿಯ ಅಮ್ಮನ ಅಮ್ಮ (ಆಟಗಳ ಇತಿಹಾಸ, ಭಾಗ 5)

ಹಿಂದಿನ ಭಾಗದಲ್ಲಿ 1996ರ ತಮಗೋಚಿ ನೋಡಿದ್ವಿ. ಮೂರು ಗುಂಡಿ, ಒಂದು ಪ್ರಾಣಿ, ಊಟ ಹಾಕದಿದ್ರೆ ಕಥೆ ಮುಗೀತು. ಅದಕ್ಕೆ ಅಪ್ಪ ಅಮ್ಮ ಅಂತ ಯಾರೂ ಇರ್ಲಿಲ್ಲ. ಇವತ್ತು ಅಜ್ಜಿ ಕೂಡ ಇರೋ ಪ್ರಾಣಿಯ ಕಥೆ.

ಲಯೋಡೆನ್ ಅನ್ನೋ ಬ್ರೌಸರ್ ಆಟ 2013ರಲ್ಲಿ ಶುರುವಾಯ್ತು. ಇದ್ರಲ್ಲಿ ನೀವು ಗಂಡು ಸಿಂಹ, ರಾಜ. ಹೆಸರಿಗೆ ಮಾತ್ರ ರಾಜ ಬಿಡಿ, ಬೇಟೆಗೆ ಹೋಗೋದು ಸಿಂಹಿಣಿಯರು, ಮರಿ ಹಾಕೋದೂ ಅವರೇ. ಒಳ್ಳೆ ಬಣ್ಣದ ಮರಿ ಬೇಕಂದ್ರೆ ಇನ್ನೊಬ್ಬ ಆಟಗಾರನ ರಾಜನಿಗೆ ಶುಲ್ಕ ಕೊಡಬೇಕು. ಶುಲ್ಕ ಜೀರುಂಡೆಗಳಲ್ಲಿ! ಈ ಆಟದ ಕರೆನ್ಸಿನೇ ಜೀರುಂಡೆ, ಅದ್ರಲ್ಲಿ ಚಿನ್ನದ್ದನ್ನ ನಿಜವಾದ ದುಡ್ಡು ಕೊಟ್ಟೂ ಕೊಳ್ಳಬಹುದು. (ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಇದನ್ನ ಯಾವ ಹೆಡ್ಡಿಗೆ ಹಾಕ್ತಾರೋ.)

ಮರಿಯ ಮೈಬಣ್ಣ, ಗುರುತು, ಕಣ್ಣು ಇವೆಲ್ಲ ತಂದೆ ತಾಯಿ ಕಡೆಯಿಂದ ಬರುತ್ತೆ, ಸ್ವಲ್ಪ ಅದೃಷ್ಟವೂ ಬೇಕು. ಇದೇ ಥರದ ಯೋಚನೆ 1996ರಲ್ಲೇ ಬಂದಿತ್ತು. ಬ್ರಿಟನ್ನಿನ ಸ್ಟೀವ್ ಗ್ರ್ಯಾಂಡ್ ಮಾಡಿದ 'ಕ್ರಿಯೇಚರ್ಸ್' ಆಟದಲ್ಲಿ ನಾರ್ನ್ ಅನ್ನೋ ಜೀವಿಗಳಿಗೆ ಕಂಪ್ಯೂಟರ್ ಜೀನ್‌ಗಳಿದ್ವು. ಅಪ್ಪ ಅಮ್ಮನ ಜೀನ್ ಬೆರೆತು ಮರಿ ಹುಟ್ಟೋದು, ಜನ ತಮ್ಮ ನಾರ್ನ್‌ಗಳನ್ನ ಇಂಟರ್ನೆಟ್ಟಲ್ಲಿ ಒಬ್ಬರಿಗೊಬ್ಬರು ಕಳಿಸ್ಕೊಳ್ತಿದ್ರು.

ಆದ್ರೆ ನನಗೆ ಇಷ್ಟವಾಗಿದ್ದು ಬಣ್ಣ ಅಲ್ಲ, ವಂಶಾವಳಿ. ಸಿಂಹಿಣಿಯ ಪುಟದಲ್ಲಿ ಅವಳ ಅಪ್ಪ ಅಮ್ಮ ಯಾರು ಅಂತ ಹೆಸರು ಸಮೇತ ಇರುತ್ತೆ. ಈ ಲೆಕ್ಕದ ಪುಸ್ತಕ ಕಂಪ್ಯೂಟರಿಗಿಂತ ತುಂಬಾ ಹಳೇದು.

1791, ಇಂಗ್ಲೆಂಡ್. ರೇಸ್ ಕುದುರೆ ಮಾರೋರು ಸುಳ್ಳು ವಂಶ ಹೇಳಿ ಮಾರ್ತಿದ್ರು. ಅದನ್ನ ತಡೆಯೋಕೆ ಜೇಮ್ಸ್ ವೆದರ್ಬಿ ಅನ್ನೋರು ಥರೋಬ್ರೆಡ್ ಕುದುರೆಗಳ 'ಜನರಲ್ ಸ್ಟಡ್ ಬುಕ್' ಶುರು ಮಾಡಿದ್ರು. ಇವತ್ತಿಗೂ ಎಲ್ಲರೂ ಹೇಳೋದು ಮೂರು ಮೂಲ ಗಂಡು ಕುದುರೆಗಳ ಬಗ್ಗೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ತಮಾಷೆ ಏನಂದ್ರೆ, ಆ ಪುಸ್ತಕ ಜೋಡಿಸಿರೋದೇ ತಾಯಿ ಕುದುರೆಗಳ ಕೆಳಗೆ. ಯಾವ ತಾಯಿ, ಅವಳಿಗೆ ಯಾವ ವರ್ಷ ಯಾವ ಮರಿ ಅಂತ. ಆದ್ರೂ ಹಳೇ ತಾಯಂದಿರಲ್ಲಿ ಎಷ್ಟೋ ಜನಕ್ಕೆ ಸ್ವಂತ ಹೆಸರೇ ಇಲ್ಲ. ಇಂಥವನ ತಂಗಿ, ಇಂಥವನ ಮಗಳು, ಅಷ್ಟೇ. ಒಬ್ಬಳ ಹೆಸರು 'ಟ್ರೆಗಾನ್‌ವೆಲ್ ಅವರ ನ್ಯಾಚುರಲ್ ಬಾರ್ಬ್ ಹೆಣ್ಣು ಕುದುರೆ'. ಟ್ರೆಗಾನ್‌ವೆಲ್ ಮಾಲೀಕ. ಗಂಡು ಕುದುರೆಗಳಿಗೂ ಮಾಲೀಕರ ಹೆಸರೇ ಅನ್ನಬಹುದು, ನಿಜ. ಆದ್ರೆ ಅವು ಫೇಮಸ್ ಆದ್ವು, ಇವಳಾಗಲಿಲ್ಲ.

1895ರಲ್ಲಿ ಆಸ್ಟ್ರೇಲಿಯಾದ ಬ್ರೂಸ್ ಲೋ ಬರೆದ ಪುಸ್ತಕ ಬಂತು, ಅವರು ತೀರಿಕೊಂಡ ಮೇಲೆ. ಅವರು ತಾಯಿಯ ತಾಯಿ, ಅವಳ ತಾಯಿ ಅಂತ ಹಿಂದಕ್ಕೆ ಹೋಗಿ, ದೊಡ್ಡ ರೇಸ್ ಎಷ್ಟು ಗೆದ್ದಿದ್ದಾರೆ ಅಂತ ಎಣಿಸಿ ಕುಟುಂಬಗಳಿಗೆ ನಂಬರ್ ಕೊಟ್ಟಿದ್ರು. ಒಂದನೇ ನಂಬರ್ ಯಾರದು ಗೊತ್ತಾ? ಇದೇ ಟ್ರೆಗಾನ್‌ವೆಲ್ ಕುದುರೆಯದು. ನಂಬರ್ ಬಂತು, ಹೆಸರು ಬರ್ಲಿಲ್ಲ.

ಅದಕ್ಕೇ ಆಟದಲ್ಲಿ ಯಾರೋ ಕೂತ್ಕೊಂಡು, ಇಲ್ಲದೇ ಇರೋ ಒಂದು ಸಿಂಹಿಣಿಗೆ ಯೋಚಿಸಿ ಹೆಸರಿಡೋದು ನನಗೆ ಹುಚ್ಚಾಟ ಅನ್ನಿಸಲ್ಲ.

ಇದನ್ನ ಬರೀತಾ ನಮ್ಮನೆ ವಂಶವೃಕ್ಷ ತೆಗೆದು ನೋಡಿದೆ. ಏಳು ತಲೆಮಾರು, ಎಲ್ಲಾ ಗಂಡಸರು. ಅಜ್ಜಿ ಹತ್ರ ಹೋಗಿ, "ಅಜ್ಜೀ, ನಿಮ್ಮಮ್ಮನ ಅಮ್ಮನ ಹೆಸರೇನು?" ಅಂತ ಕೇಳಿದೆ. ಬಿಡಿಸ್ತಿದ್ದ ಅವರೆಕಾಯಿ ಕೈಯಲ್ಲೇ ಹಿಡ್ಕೊಂಡು ಸುಮಾರು ಹೊತ್ತು ಯೋಚನೆ ಮಾಡಿದ್ರು.

"ಎಲ್ರೂ ಮೇಲಿನಮನೆಯವಳು ಅಂತಿದ್ರು ಕಣೇ. ಹೆಸರು ಏನೋ ಇತ್ತು."